ಬೀಸುವ ಕಲ್ಲಿನ ಗೂಟ

ನಮ್ಮಜ್ಜಿಯ ರಾಗಿಕಲ್ಲು ಈಗ ಹಿತ್ತಿಲಲ್ಲಿ ತುಳಸಿ ಕುಂಡ ಹೊತ್ತು ಕೂತಿದೆ. ಅದರ ಗೂಟವನ್ನು ಮಾತ್ರ ಅಮ್ಮ ಅಟ್ಟದ ಮೇಲೆ ಎತ್ತಿಟ್ಟಿದ್ದಾಳೆ. ಕಲ್ಲಿನಂಥ ಮರ, ಅಂಗೈ ತಾಗಿ ತಾಗಿ ನಡುವೆ ಸವೆದು ಹೋಗಿದೆ.

ಮೊದಲ ಕೋಳಿ ಕೂಗುವಾಗಲೇ ಅಜ್ಜಿ ಒಂದು ಕಾಲು ಚಾಚಿ ಕಲ್ಲಿನ ಮುಂದೆ ಕೂರುತ್ತಿದ್ದಳಂತೆ. ಎದುರಿಗೆ ಅವಳ ಓರಗಿತ್ತಿ. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈಯಿಂದ ಕಲ್ಲಿನ ಬಾಯಿಗೆ ಹಿಡಿಹಿಡಿ ರಾಗಿ. ಹತ್ತು ಜನಕ್ಕೆ ಎರಡು ಹೊತ್ತು ಮುದ್ದೆಯಾಗಬೇಕಲ್ಲ! ಆಮೇಲೆ ಕೊಟ್ಟಿಗೆಯ ಸಗಣಿ, ಬಾವಿಯ ನೀರು, ಒಲೆ, ಹೊಲಕ್ಕೆ ಬುತ್ತಿ, ಅಲ್ಲೇ ನಾಲ್ಕು ಸಾಲು ಕಳೆ, ಸಂಜೆಗೆ ಮತ್ತೆ ಒಲೆ.

ಬೀಸುವಾಗ ಅಜ್ಜಿ ಹಾಡುತ್ತಿದ್ದಳು. ‘ಹಲಸಂಗಿಯ ಗೆಳೆಯರು’ ಎಂಬ ಬಳಗದವರು ಹೆಂಗಸರ ಬಾಯಲ್ಲಿದ್ದ ಇಂಥ ತ್ರಿಪದಿಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ಹೊರತಂದರು. ನಾನೂ ಅದನ್ನು ಓದಿ ಬೆರಗಾದವನೇ. ಆ ಗುಂಗಿನಲ್ಲೇ ಅಮ್ಮನನ್ನು ಕೇಳಿದೆ, ‘ಅಜ್ಜಿ ಯಾಕಮ್ಮ ಹಾಡ್ತಿದ್ಲು?’

‘ತೂಕಡಿಕೆ ಬರದೆ ಇರ್ಲಿ ಅಂತ ಕಣೋ’ ಅಂದಳು.

‘ಆ ಕಾಲದವರು ಬಲು ಗಟ್ಟಿ, ನಡುನೋವು ಅಂದರೇನು ಅಂತಲೇ ಗೊತ್ತಿರಲಿಲ್ಲ’ ಎಂದು ಮದುವೆ ಮನೆಗಳಲ್ಲಿ ಕೂತು ಮಾತಾಡುತ್ತೇವೆ. ಅಜ್ಜಿಗೆ ನಡುನೋವಿತ್ತು. ರಾತ್ರಿ ಬೋರಲು ಮಲಗಿ, ಪುಟ್ಟ ಹುಡುಗಿಯಾಗಿದ್ದ ಅಮ್ಮನಿಂದ ಬೆನ್ನು ತುಳಿಸಿಕೊಳ್ಳುತ್ತಿದ್ದಳು. ಊರಿಗೆ ಹಿಟ್ಟಿನ ಮಿಲ್ಲು ಬಂದಾಗ ಮನೆಯ ಗಂಡಸರು ‘ಮಿಲ್ಲಿನ ಹಿಟ್ಟು ರುಚಿಯಿಲ್ಲ’ ಎಂದು ಮೂಗು ಮುರಿದರಂತೆ. ಬೀಸುತ್ತಿದ್ದವರು ಯಾರೂ ಹಾಗೆ ಅಂದದ್ದನ್ನು ಅಮ್ಮ ಕೇಳಿಲ್ಲ.

‘ತಾತ ಏನು ಮಾಡ್ತಿದ್ರು?’ ಎಂದರೆ ಇವತ್ತಿಗೂ ‘ಬೇಸಾಯ’ ಅನ್ನುತ್ತೇವೆ. ‘ಅಜ್ಜಿ?’ ಎಂದರೆ, ‘ಮನೇಲೇ ಇದ್ಲು.’ ಜನಗಣತಿಯ ಲೆಕ್ಕವೂ ಹೀಗೆಯೇ: ಬರೀ ಮನೆಗೆಲಸ ಮಾಡುವವಳು ಅದರ ಪಾಲಿಗೆ ದುಡಿಯುವವಳಲ್ಲ.

ಅದೆಲ್ಲ ಹಳೆಯ ಮಾತು, ಈಗ ಮಿಕ್ಸಿ ಇದೆ, ಗ್ಯಾಸ್ ಇದೆ ಅನ್ನಬಹುದು. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಹೇಳುವುದು ಇಷ್ಟು: ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಅದರಲ್ಲಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ, ಗಂಡಸರು 88 ನಿಮಿಷ. ನನ್ನದು ಅಷ್ಟೂ ಆಗಲಿಕ್ಕಿಲ್ಲ.

ಕೇಳುತ್ತಿರುವ ಗಂಡಸರೇ, ನಿಮ್ಮ ಪಕ್ಕದಲ್ಲಿ ಕಾಫಿ ಕುಡಿದಿಟ್ಟ ಲೋಟ ಇದೆಯಲ್ಲ, ಇವತ್ತು ಅದನ್ನು ನೀವೇ ತೊಳೆದಿಡಿ.