ಪೆಟ್ಟಿಗೆಯಲ್ಲಿ ಜಾಗ ಪಡೆಯುವ ಪುಸ್ತಕ

(ಫೋರ್ಟ್ ಲೀಯಲ್ಲಿ ಕನ್ನಡ ಓದುಗರ ಎದುರು ಮಾಡಿದ ಭಾಷಣದ ಲಿಖಿತ ರೂಪ)



ಮೆಚ್ಚಿನ ಲೇಖಕರು ಯಾರು, ಓದಲೇಬೇಕಾದ ಪುಸ್ತಕ ಯಾವುದು ಎಂಬ ಪ್ರಶ್ನೆ ಬಹಳ ಸರಳವಾಗಿ ಕಾಣುತ್ತದೆ. ನಾಲ್ಕು ಮಂದಿ ಕನ್ನಡಿಗರು ಸೇರಿದಲ್ಲಿ ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ತೇಜಸ್ವಿ ಎಂಬ ಹೆಸರುಗಳು ತಾವಾಗಿಯೇ ಬರುತ್ತವೆ. ಈ ಲೇಖಕರ ಯೋಗ್ಯತೆಯ ಬಗ್ಗೆ ತಕರಾರಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಒಂದು ಪುಸ್ತಕದ ಹೆಸರು ಯಾರ ಬಾಯಿಂದ ಯಾರ ಕಿವಿಗೆ ತಲುಪುತ್ತದೆ? ಯಾರ ಪುಸ್ತಕದ ಹೆಸರು ಯಾವ ಕಿವಿಗೂ ತಲುಪದೆ ಉಳಿಯುತ್ತದೆ?

ಹೊರನಾಡಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಫೋರ್ಟ್ ಲೀಯ ಬೀದಿಗಳಲ್ಲಿ ಕೊರಿಯನ್ ಲಿಪಿಯ ಫಲಕಗಳು ಸಾಲುಸಾಲಾಗಿ ಕಾಣುತ್ತವೆ. ಕನ್ನಡದ ಅಕ್ಷರ ಬದುಕಿರುವುದು ಮನೆಯೊಳಗಿನ ಕಪಾಟುಗಳಲ್ಲಿ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಅಂಗಡಿಗೆ ಹೋದವರು ತಾವು ಹುಡುಕದೇ ಇದ್ದ ಪುಸ್ತಕವೊಂದನ್ನು ಆಕಸ್ಮಿಕವಾಗಿ ಕೈಗೆತ್ತಿಕೊಳ್ಳಬಹುದು. ಇಲ್ಲಿ ಅಂಥ ಆಕಸ್ಮಿಕಕ್ಕೆ ಅವಕಾಶ ಕಡಿಮೆ. ಊರಿನಿಂದ ಮರಳುವಾಗ, 23 ಕಿಲೋ ಮಿತಿಯ ಪೆಟ್ಟಿಗೆಯಲ್ಲಿ, ಚಟ್ನಿಪುಡಿ, ಹಪ್ಪಳ, ಸೀರೆಗಳ ನಡುವೆ ನಾಲ್ಕೈದು ಪುಸ್ತಕಗಳಿಗೆ ಜಾಗ ಸಿಕ್ಕರೆ ಹೆಚ್ಚು. ಆ ನಾಲ್ಕೈದು ಯಾವುವು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಯಾರೋ ಸ್ನೇಹಿತರು ಹೇಳಿದ ಒಂದು ಮಾತು. ಇ-ಪುಸ್ತಕಗಳು ಪೆಟ್ಟಿಗೆಯ ತೂಕ ಇಳಿಸಿವೆ, ನಿಜ. ಆದರೆ ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಅಲ್ಲಿಯೂ ಹುಡುಕಲಾಗದು.

ಪುಸ್ತಕ ಹೊರುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಕನ್ನಡ ಕಾದಂಬರಿಯ ಆರಂಭಕಾಲದ ಲೇಖಕರಾದ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುವ ಅಭ್ಯಾಸವೇ ಇಲ್ಲದ ಮನೆಗಳ ಬಾಗಿಲಿಗೆ ಅವರು ಪುಸ್ತಕವನ್ನು ಕೊಂಡೊಯ್ದರು. ಓದಿದವರು ಓದುವವರಿಗೇ ಹೇಳುವ ಶಿಫಾರಸಿಗೂ ಈ ಕೆಲಸಕ್ಕೂ ಬಹಳ ಅಂತರವಿದೆ.

ಇಂಥದೇ ಇನ್ನೊಂದು ಪ್ರಸಂಗದ ನೆನಪು ಹಡ್ಸನ್ ನದಿಯ ಆಚೆ ದಡದಲ್ಲಿದೆ. 1913ರಿಂದ 1916ರವರೆಗೆ ಡಾ. ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಫೋರ್ಟ್ ಲೀಯನ್ನು ಮ್ಯಾನ್‌ಹಟನ್ನಿಗೆ ಜೋಡಿಸುವ ಜಾರ್ಜ್ ವಾಷಿಂಗ್ಟನ್ ಸೇತುವೆ ಆಗಿನ್ನೂ ಇರಲಿಲ್ಲ. ಅದು ತೆರೆದದ್ದು 1931ರಲ್ಲಿ. ಆದರೆ ಅಂಬೇಡ್ಕರರಿಗೆ ಮತ್ತೊಂದು ಸೇತುವೆಯನ್ನು ಮುಂಬಯಿಯಲ್ಲಿ ಒಬ್ಬ ಮೇಷ್ಟ್ರು ಅದಾಗಲೇ ಕಟ್ಟಿದ್ದರು. ಬಾಲಕ ಭೀಮರಾಯ ಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷಕ್ಕೆ ಸಮುದಾಯದವರು ಸಭೆಯೊಂದನ್ನು ಏರ್ಪಡಿಸಿದ್ದರು. ಆ ಸಭೆಯಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನಿಗೆ ಕಾಣಿಕೆಯಾಗಿ ಕೊಟ್ಟರು. ಆ ಪುಸ್ತಕ ತಮ್ಮನ್ನು ಬುದ್ಧನ ಕಡೆಗೆ ತಿರುಗಿಸಿತೆಂದು ಅಂಬೇಡ್ಕರ್ ತಾವೇ ದಾಖಲಿಸಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಅವರು ಬೌದ್ಧ ಧಮ್ಮ ಸ್ವೀಕರಿಸಿದ ಘಟನೆಯ ಹಿಂದೆ ಆ ಒಂದು ಕಾಣಿಕೆಯೂ ಇದೆ. ಕೇಳುಸ್ಕರ್ ಪುಸ್ತಕವನ್ನು ತಮ್ಮ ವಲಯದಾಚೆಗೆ ನೀಡಿದರು ಎಂಬುದೇ ಇಲ್ಲಿ ಮುಖ್ಯ.

ವಲಯದೊಳಗೇ ಸುತ್ತುವ ಮೆಚ್ಚುಗೆ ಏನು ಮಾಡುತ್ತದೆ ಎಂಬುದಕ್ಕೆ ಪ್ರಶಸ್ತಿಗಳ ಚರಿತ್ರೆಯೇ ಸಾಕ್ಷಿ. ಪ್ರಶಸ್ತಿಯೂ ಒಂದು ಶಿಫಾರಸೇ ತಾನೇ? ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು 1955ರಲ್ಲಿ, ಕುವೆಂಪು ಅವರಿಗೆ. ಕನ್ನಡದ ಲೇಖಕಿಯೊಬ್ಬರಿಗೆ ಅದು ಮೊದಲು ದೊರೆತದ್ದು 2004ರಲ್ಲಿ, ‘ಬದುಕು’ ಕಾದಂಬರಿಗಾಗಿ ಕಲಬುರಗಿಯ ಗೀತಾ ನಾಗಭೂಷಣ ಅವರಿಗೆ. ನಡುವಿನ ಅರ್ಧ ಶತಮಾನದಲ್ಲಿ ತ್ರಿವೇಣಿ ಬರೆದರು, ಎಂ.ಕೆ. ಇಂದಿರಾ ಬರೆದರು, ರಾಜಲಕ್ಷ್ಮಿ ಎನ್. ರಾವ್ ಬರೆದರು. ಓದುಗರೂ ಇದ್ದರು. ಆದರೆ ಆ ಓದುಗರ ಮೆಚ್ಚುಗೆಯನ್ನು ವಿಮರ್ಶೆ ಗಂಭೀರವಾಗಿ ಎಣಿಸಲಿಲ್ಲ.

ಬಾನು ಮುಷ್ತಾಕ್ ಅವರ ಉದಾಹರಣೆ ಇನ್ನೂ ಹತ್ತಿರದ್ದು. 2025ರ ಮೇ 20ರಂದು ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಗೌರವವನ್ನು ಸಮನಾಗಿ ಹಂಚಿಕೊಂಡರು. ಆ ಸಂಕಲನದ 12 ಕತೆಗಳು 1990ರಿಂದ 2023ರ ನಡುವೆ ಕನ್ನಡದಲ್ಲಿ ಪ್ರಕಟವಾದಂಥವು. ಬಾನು 1980ರ ದಶಕದಲ್ಲಿ ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದವರು, ಬಂಡಾಯ ಚಳವಳಿಯೊಡನೆ ಬೆಳೆದವರು. ಅವರ ಕತೆಯನ್ನು ಗಿರೀಶ ಕಾಸರವಳ್ಳಿ 2004ರಲ್ಲೇ ‘ಹಸೀನಾ’ ಸಿನಿಮಾ ಮಾಡಿದ್ದರು. ಹೀಗಿದ್ದೂ ಹೊರನಾಡಿನ ಎಷ್ಟು ಪೆಟ್ಟಿಗೆಗಳಲ್ಲಿ ಅವರ ಕನ್ನಡ ಸಂಕಲನಗಳು ವಿಮಾನವೇರಿದ್ದವು? ಮೂರು ದಶಕ ಕನ್ನಡದಲ್ಲೇ ಇದ್ದ ಕತೆಗಳ ಹೆಸರನ್ನು ಲಂಡನ್ನಿನ ವೇದಿಕೆಯಿಂದ ಮೊದಲಬಾರಿಗೆ ಕೇಳಿದ ಕನ್ನಡಿಗರು ಪ್ರಶಸ್ತಿಗೆ ಹೆಮ್ಮೆಪಡುವುದರ ಜೊತೆಗೆ ತುಸು ಲಜ್ಜೆಯನ್ನೂ ಪಡಬೇಕಾಗುತ್ತದೆ.

ಇದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಲೇಖಕಿ ಸಾರಾ ಅಬೂಬಕ್ಕರ್ ಕಾಸರಗೋಡಿನವರು. ಕರ್ನಾಟಕದ ಗಡಿಯಾಚೆ ಉಳಿದ ಆ ಊರಿನ ಮುಸ್ಲಿಂ ಹೆಣ್ಣುಮಗಳೊಬ್ಬಳು ಕನ್ನಡ ಶಾಲೆಯಲ್ಲಿ ಕಲಿತು ಕನ್ನಡದಲ್ಲಿ ಬರೆದದ್ದು ಏನೆಂಬುದು, ದೂರದೇಶದಲ್ಲಿ ಭಾಷೆ ಉಳಿಸಿಕೊಳ್ಳಲು ಹೆಣಗುವವರಿಗೆ ಎಲ್ಲರಿಗಿಂತ ಮೊದಲು ಅರ್ಥವಾಗಬೇಕಾದ ಸಂಗತಿ.

ಅಮೆರಿಕದ ಕನ್ನಡಿಗರಿಗೆ ಓದನ್ನು ಹಂಚಿಕೊಳ್ಳುವುದು ತಿಳಿಯದ ವಿದ್ಯೆಯಲ್ಲ. ಇಲ್ಲಿನ ಓದುಗರು ಕನ್ನಡ ಕಾದಂಬರಿಗಳ ಕುರಿತು ಬರೆದ ಲೇಖನಗಳನ್ನು ಕನ್ನಡ ಸಾಹಿತ್ಯ ರಂಗ 2009ರಲ್ಲಿ ಪುಸ್ತಕವಾಗಿಯೇ ತಂದಿದೆ. ಇನ್ನು ಬೇಕಾಗಿರುವುದು ಒಂದು ಸಣ್ಣ ಶಿಸ್ತು. ಮೆಚ್ಚಿನ ಹತ್ತು ಹೆಸರು ಬರೆಯುವವರು ಅದರಲ್ಲಿ ಹೆಂಗಸರು ಎಷ್ಟು, ದಲಿತರು ಎಷ್ಟು, ಮುಸ್ಲಿಮರು ಎಷ್ಟು, ತಾವು ಊರು ಬಿಟ್ಟ ಮೇಲೆ ಬರೆಯತೊಡಗಿದವರು ಎಷ್ಟು ಎಂದು ಒಮ್ಮೆ ಎಣಿಸಿ ನೋಡಲಿ. ಪಟ್ಟಿ ವಿಮಾನವೇರಿದ ವರ್ಷಕ್ಕೇ ನಿಂತಿದ್ದರೆ ಅದು ಆಗ ಗೊತ್ತಾಗುತ್ತದೆ. ಪುಸ್ತಕದ ಹೆಸರಿನ ಜೊತೆಗೆ ಅದು ತಮ್ಮ ಯಾವ ನಂಬಿಕೆಯನ್ನು ಅಲುಗಿಸಿತು ಎಂಬುದನ್ನೂ ಹೇಳಲಿ.

ಇದು ಮೀಸಲಾತಿಯ ಲೆಕ್ಕ, ಸಾಹಿತ್ಯಕ್ಕೆ ರುಚಿಯೇ ಪ್ರಮಾಣ ಎಂಬ ಆಕ್ಷೇಪ ಬರಬಹುದು. ರುಚಿಯೇ ಪ್ರಮಾಣವೆಂದು ಒಪ್ಪೋಣ. ಆದರೆ ಬಾಯಿಗೆ ಇಡದ ತಿನಿಸಿನ ರುಚಿಯನ್ನು ಯಾರೂ ಹೇಳಲಾರರು. ಮುಂದಿನ ಸಲ ಊರಿಗೆ ಹೋಗುವವರು ಪೆಟ್ಟಿಗೆಯಲ್ಲಿ ಒಂದು ಪುಸ್ತಕದ ಜಾಗವನ್ನು, ತಮ್ಮ ಬಳಗದಲ್ಲಿ ಇದುವರೆಗೆ ಯಾರೂ ಹೆಸರಿಸದ ಒಬ್ಬ ಲೇಖಕಿಗಾಗಿ ಖಾಲಿ ಬಿಟ್ಟುಕೊಳ್ಳಲಿ. ಓದಿದ ಮೇಲೆ ಅದು ಕಪಾಟಿನಲ್ಲಿ ನಿಲ್ಲದೆ ಇನ್ನೊಂದು ಮನೆಗೆ ದಾಟಲಿ.