ಜೊತೆಯಲ್ಲಿ ಬಂದವರಿಗೊಂದು ಎಲೆ

ಹುಟ್ಟುಹಬ್ಬಕ್ಕೆ ಮಗುವನ್ನು ಕರೆದರೆ ಮಗು ಒಂದೇ ಬರುವುದಿಲ್ಲ. ಅದರ ಕೈ ಹಿಡಿದು ತಾಯಿಯೋ ಅಜ್ಜಿಯೋ, ಅಪರೂಪಕ್ಕೆ ತಂದೆಯೋ ಬಂದೇ ಬರುತ್ತಾರೆ. ಈ ಎರಡನೆಯವರ ಹೊಟ್ಟೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕ್ಷುಲ್ಲಕ ವಿಷಯವೆಂದು ತಾವು ರೇಡಿಯೋದ ಕಿವಿ ಹಿಂಡಬಾರದಾಗಿ ಪ್ರಾರ್ಥನೆ.

ಅತಿಥಿ ಎಂದರೆ ತಿಥಿ ಗೊತ್ತುಮಾಡದೆ ಬಂದವನು ಎಂದು ತರಗತಿಯಲ್ಲಿ ನಾವು ಅರ್ಥ ಬಿಡಿಸುವುದುಂಟು. ಜೊತೆಯಲ್ಲಿ ಬಂದ ಅಜ್ಜಿ ಆ ಲೆಕ್ಕಕ್ಕೆ ಸೇರರು. ವಾರ, ಗಂಟೆ ಎಲ್ಲ ತಿಳಿದೇ ಬಂದಿದ್ದಾರೆ. ಕರೆಸಿಕೊಂಡವರ ಲೆಕ್ಕಕ್ಕೂ ಸೇರರು. ಆಹ್ವಾನದಲ್ಲಿ ಅವರ ಹೆಸರಿಲ್ಲ. ವ್ಯಾಕರಣದ ಅವ್ಯಯದಂತೆ ವಾಕ್ಯದಲ್ಲಿ ಇರುತ್ತಾರೆ, ಯಾವ ವಿಭಕ್ತಿಯೂ ಹತ್ತುವುದಿಲ್ಲ.

ಹಿಂದಿನ ಪದ್ಧತಿಯಲ್ಲಿ ಈ ತೊಡಕಿರಲಿಲ್ಲ. ಜನ್ಮನಕ್ಷತ್ರದ ದಿನ ಮಗುವಿಗೆ ಎಣ್ಣೆನೀರು ಹಾಕಿ, ಮಾರ್ಕಂಡೇಯನನ್ನೂ ಅಶ್ವತ್ಥಾಮ, ಬಲಿ ಮೊದಲಾದ ಏಳು ಮಂದಿ ಚಿರಂಜೀವಿಗಳನ್ನೂ ನೆನೆದು, ಎಳ್ಳು ಬೆಲ್ಲ ಬೆರೆಸಿದ ಹಾಲು ಕುಡಿಸುವುದು ಎಷ್ಟೋ ಮನೆಗಳ ವಾಡಿಕೆ. ಅಕ್ಷತೆ ಹಾಕಿ ಹರಸುವವರು ಹಿರಿಯರು. ನೂರು ವರ್ಷ ಬಾಳೆಂದ ಬಾಯಿಗೆ ಪಾಯಸ ಬೀಳದೆ ಇರುತ್ತಿರಲಿಲ್ಲ. ಈಗ ಕೇಕು ಬಂದಿದೆ. ಬರಲಿ, ಅದರ ಮೇಲೆ ನನಗೆ ಮುನಿಸಿಲ್ಲ. ಮೊಟ್ಟೆ ಹಾಕದ್ದಾದರೆ ನಾನೂ ಎರಡು ತುಂಡು ತಿನ್ನುವವನೇ.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಸಂಜೆ 6 ಗಂಟೆಗೆಂದು ಕರೆದಿದ್ದೆವು. ಅಳಿಯಂದಿರು ಕಚೇರಿಯಿಂದ ಬಂದು ಕೇಕು ಕತ್ತರಿಸುವ ಹೊತ್ತಿಗೆ 8 ಆಯಿತು. ಹಿಂದಿನ ಬೀದಿಯ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆತಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಅವರಿಗೆ ನಾವು ಕೊಟ್ಟದ್ದು ಒಂದು ತುಂಡು ಕೇಕು, ನಾಲ್ಕು ಚಿಪ್ಸು, ಒಂದು ಚಾಕೊಲೇಟು. "ತೊಗೊಳ್ಳಿ ಅಮ್ಮ" ಎಂದೆ. "ಆಯಿತು ಮೇಷ್ಟ್ರೆ, ಆಯಿತು" ಎಂದು ನಕ್ಕು ತಟ್ಟೆಯನ್ನು ಮೊಮ್ಮಗನ ಕಡೆ ಸರಿಸಿದರು. ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ನೋಡುತ್ತಾಳೆ: ಹಣೆಯೆಲ್ಲ ಬೆವರು, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಅಜ್ಜಿಗೆ ಸಕ್ಕರೆ ಕಾಯಿಲೆ. ಹಬ್ಬದ ಮನೆ, ಊಟ ಇದ್ದೇ ಇರುತ್ತದೆಂದು ಮಾತ್ರೆ ನುಂಗಿಯೇ ಬಂದಿದ್ದರು. ಇದು ಹುಡುಗನ ಬಾಯಿಂದ ತಿಳಿಯಿತು. ಮಾತ್ರೆ ತನ್ನ ಕೆಲಸ ಮಾಡಿತ್ತು, ಹೊಟ್ಟೆಗೆ ಅನ್ನ ಬಿದ್ದಿರಲಿಲ್ಲ, ರಕ್ತದ ಸಕ್ಕರೆ ಇಳಿದುಹೋಗಿತ್ತು. ನುಂಗುವಷ್ಟು ಎಚ್ಚರವಿತ್ತು, ಪುಣ್ಯ. ಇವಳು ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡ ಮೇಲೆ ಒಳಗೆ ಕೂರಿಸಿ ಮೊಸರನ್ನ ಬಡಿಸಿದಳು. "ಮಕ್ಕಳ ಹಬ್ಬದಲ್ಲಿ ನನ್ನದೊಂದು ಗಲಾಟೆ" ಎಂದು ಅಜ್ಜಿ ನಾಚಿಕೊಂಡರು. ನಾಚಬೇಕಾಗಿದ್ದವನು ನಾನು.

ಅಂದಿನಿಂದ ನಮ್ಮಲ್ಲಿ ದೊಡ್ಡವರಿಗೆ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ತರಿಯಾಗಿ ಪುಡಿಮಾಡಿ, ಹುಣಿಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿಯಲ್ಲಿ ಕಲಸಿಟ್ಟು, ಒಗ್ಗರಣೆ ಕೊಟ್ಟು ಒಣಕೊಬ್ಬರಿ ತುರಿ ಉದುರಿಸಿದರೆ ಸರಿ. ಬೆಳಿಗ್ಗೆ ಮಾಡಿದ್ದು ಸಂಜೆಗೆ ಕೆಡದು, ಬಿಸಿ ಮಾಡುವ ಗೋಜಿಲ್ಲ. 1 ಕಿಲೋ ಅವಲಕ್ಕಿ 12 ಜನಕ್ಕೆ ಧಾರಾಳ. ಜೊತೆಗೆ ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ, ಹಲ್ಲಿಲ್ಲದವರಿಗೆ ಮೊಸರನ್ನ. ಕೇಕಿನ ಖರ್ಚಿನ ಮುಂದೆ ಇದೇನು ಮಹಾ! ಆದರೆ ಕೇಕಿಗೆ ಕಾಯಿಸಬಾರದು. ಬಂದ ಅರ್ಧ ಗಂಟೆಯೊಳಗೆ ಕೊಡಬೇಕು. "ಏನಾದರೂ ತಿನ್ನುತ್ತೀರಾ?" ಎಂದು ಕೇಳಲೂ ಬಾರದು. ಹಾಗೆ ಕೇಳಿದರೆ "ಈಗ ತಾನೆ ಆಯಿತು" ಎನ್ನುವುದೇ ನಮ್ಮವರ ಮರ್ಯಾದೆ. ತಟ್ಟೆ ತಂದು ಕೈಗಿಡಬೇಕು. ವಯಸ್ಸಾದವರನ್ನು ಕೇಳಬೇಕಾದದ್ದು ಒಂದೇ: ಮಾತ್ರೆ ಎಷ್ಟು ಹೊತ್ತಿಗೆ?

ಈ ವರ್ಷವೂ ಆ ಅಜ್ಜಿ ಬಂದಿದ್ದರು. ಗೊಜ್ಜವಲಕ್ಕಿಯನ್ನು ಎರಡನೆಯ ಸಲ ಹಾಕಿಸಿಕೊಂಡು, "ಹುಳಿ ಒಂದು ಚೂರು ಮುಂದಾಯಿತು" ಎಂದರು.