ಮಹಾನಗರದ ಹಿಮ್ಮೇಳ
(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕನ್ನಡ ಸಂಘದ ವೇದಿಕೆಯಲ್ಲಿ ಜಾಜ್ ಸಂಗೀತದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಈ ಮುಂಬಯಿಯಲ್ಲಿ ಆ ಸಂಗೀತವನ್ನು ಬೆಳೆಸಿದವರು ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಹೊರಗಿನಿಂದ ಬಂದವರು. ಆದುದರಿಂದಲೇ ನಾನು ಈ ವಿಷಯವನ್ನು ಆರಿಸಿಕೊಂಡೆ.

1935ರಲ್ಲಿ ಅಮೆರಿಕದ ಕರಿಯ ಜನಾಂಗದ ಪಿಟೀಲುವಾದಕ ಲಿಯಾನ್ ಅಬ್ಬೆ ತಮ್ಮ ವಾದ್ಯವೃಂದದೊಡನೆ ಇಲ್ಲಿನ ತಾಜ್ ಮಹಲ್ ಹೋಟೆಲಿಗೆ ಬಂದರು. ಅವರ ಬೆನ್ನಿಗೆ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫರ್ಡ್ ಮೊದಲಾದವರೂ ಬಂದರು. ಅವರ ಶೈಲಿಯನ್ನು ಕೇಳಿ ಕೇಳಿ ಕರಗತ ಮಾಡಿಕೊಂಡವರು ಗೋವೆಯ ವಾದಕರು. ಚರ್ಚಿನ ಶಾಲೆಗಳಲ್ಲಿ ಬಾಲ್ಯದಲ್ಲೇ ಕಲಿತ ಪಾಶ್ಚಾತ್ಯ ಸ್ವರಲಿಪಿ ಅವರ ನೆರವಿಗೆ ಬಂತು. ಆದರೆ ಆ ನೃತ್ಯಾಂಗಣದ ಬಾಗಿಲು ಸಾಮಾನ್ಯರಿಗೆ ತೆರೆದಿರಲಿಲ್ಲವೆಂಬುದನ್ನೂ ಹೇಳಲೇಬೇಕು.

ಬ್ರಿಟಿಷರು ಹೊರಟುಹೋದರು, 1949ರಲ್ಲಿ ಪಾನನಿರೋಧ ಕಾಯಿದೆ ಬಂತು, ಹೋಟೆಲುಗಳ ರಾತ್ರಿಗಳು ಮಂಕಾದವು. ವಾದಕರು ಹಿಂದಿ ಚಿತ್ರರಂಗದತ್ತ ಹೊರಳಿದರು. ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಸಂಗೀತ ನಿರ್ದೇಶಕ ಸಿ. ರಾಮಚಂದ್ರರಿಗೆ ಸಹಾಯಕರಾದರು, 1951ರ ‘ಅಲಬೇಲಾ’ದಲ್ಲಿ ತಂಡಸಮೇತ ತೆರೆಯ ಮೇಲೂ ಕಾಣಿಸಿಕೊಂಡರು. ಅಂಥ ಭಾಗ್ಯ ಎಲ್ಲರಿಗೂ ದೊರೆಯಲಿಲ್ಲ. ಭಿತ್ತಿಪತ್ರದಲ್ಲಿ ನಿರ್ದೇಶಕರ ಹೆಸರು ಮೆರೆಯಿತು. ಸ್ವರಗಳನ್ನು ಹೆಣೆದು, ಬರೆದು, ನುಡಿಸಿದ ಅನೇಕರು ಅಜ್ಞಾತರಾಗಿಯೇ ಉಳಿದರು. ದೇಶವೆಲ್ಲ ಗುನುಗಿದ ಹಾಡುಗಳ ಹಿಮ್ಮೇಳಕ್ಕೆ ಹೆಸರಿರಲಿಲ್ಲ.

ಆದರೂ ಅವರು ತಮ್ಮ ನುಡಿಯನ್ನು ಮರೆಯಲಿಲ್ಲ. ತಾಜ್‌ನಲ್ಲಿ ನುಡಿಸಿದ್ದ ಫ್ರಾಂಕ್ ಫರ್ನಾಂಡ್ 1963ರಲ್ಲಿ ‘ಆಮ್ಚೆಂ ನಶೀಬ್’ ಎಂಬ ಕೊಂಕಣಿ ಚಿತ್ರವನ್ನು ನಿರ್ಮಿಸಿದರು.  ನಗರದಲ್ಲಿ ಗಳಿಸಿದ ವಿದ್ಯೆ ಹೀಗೆ ತಾಯ್ನುಡಿಯ ಮನೆ ಸೇರಿತು. ಕನ್ನಡ ನಾಡಿನಲ್ಲೂ ಇಂಥ ಕೊಡುಕೊಳ್ಳುವಿಕೆ ನಡೆದಿದೆ. ಬೆಂಗಳೂರಿನ ಗಾಯಕಿ ಆರ್. ಎ. ರಮಾಮಣಿ, ಮೃದಂಗವಾದಕ ಟಿ. ಎ. ಎಸ್. ಮಣಿ ಅವರ ಕರ್ನಾಟಕ ತಾಳವಾದ್ಯ ಕಾಲೇಜಿನ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ 1983ರಲ್ಲಿ ‘ಜ್ಯೋತಿ’ಯನ್ನು ಧ್ವನಿಮುದ್ರಿಸಿತು. ನಮ್ಮ ತಾಳವಾಗಲಿ ರಾಗವಾಗಲಿ ಅದರಿಂದ ಕೆಡಲಿಲ್ಲ.

1978ರಲ್ಲಿ ಮುಂಬಯಿಯಲ್ಲಿ ‘ಜಾಜ್ ಯಾತ್ರಾ’ ಉತ್ಸವ ಆರಂಭವಾದಾಗ ಈ ಸಂಗೀತ ಹೋಟೆಲಿನ ಹೊರಗೂ ಸಾವಿರಾರು ಶ್ರೋತೃಗಳನ್ನು ಪಡೆಯಿತು. ಆದರೆ ವೇದಿಕೆಗಳು ಶಾಶ್ವತವಲ್ಲ. ಲೋವರ್ ಪರೇಲಿನ ಹಳೆಯ ಗಿರಣಿಯ ಆವರಣದಲ್ಲಿ 2007ರಲ್ಲಿ ತೆರೆದ ‘ಬ್ಲೂ ಫ್ರಾಗ್’ 2016ರಲ್ಲಿ ಮುಚ್ಚಿತು. ಎದುರಿಗೆ ಕುಳಿತು ಕೇಳುವವರಿರುವ ತನಕ ಮಾತ್ರ ಇಂಥ ಕಲೆ ಬದುಕೀತು.

ನಮ್ಮ ಮಕ್ಕಳು ಗಿಟಾರು, ಡ್ರಮ್ಮುಗಳನ್ನು ಹಿಡಿದರೆ ‘ಪರಕೀಯ’ವೆಂದು ಗದರಿಸುವುದು ಬೇಡ. ಅದರಿಂದ ಕನ್ನಡಕ್ಕೇನು ತರಬಲ್ಲಿರಿ ಎಂದು ಕೇಳೋಣ. ಇನ್ನೊಂದು ವಿನಂತಿಯೂ ಇದೆ. ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿರುತ್ತದೆ; ತಬಲ, ಹಾರ್ಮೋನಿಯಂ ನುಡಿಸುವವರೆಲ್ಲ ‘ಮತ್ತು ಬಳಗ’ದಲ್ಲಿ ಕರಗಿಹೋಗುತ್ತಾರೆ. ಮುಂದಿನ ವಾರ್ಷಿಕೋತ್ಸವದ ಪತ್ರಿಕೆಯಲ್ಲಿ ಅವರೆಲ್ಲರ ಹೆಸರುಗಳನ್ನೂ ಅಚ್ಚು ಹಾಕಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಅದಕ್ಕೆ ತಗಲುವುದು ನಾಲ್ಕು ಸಾಲುಗಳ ಜಾಗ ಮಾತ್ರ.